ಮಂಗಳನ ನಕ್ಷೆಗೆ ಅಪ್ಪನ ಪಂಚೆ

ಈಚೆಗೆ ನಮ್ಮ ಹಳೆಯ ಆಫೀಸಿನವರು, ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ಕರೆದರು. ಹೋದೆ. ಶಾಲು ಹೊದಿಸಿದರು, ಹಾರ ಹಾಕಿದರು. ಆಮೇಲೆ ನಿರೂಪಣೆ ಮಾಡುತ್ತಿದ್ದ ಹುಡುಗಿ, 'ಮಂಗಳ ಗ್ರಹದ ಖನಿಜ ನಕ್ಷೆಗೆ ಕೈಹಾಕಿದ ಮೊದಲ ತಲೆಮಾರಿನ ಚೌಡಪ್ಪನವರು' ಎಂದು ನನ್ನ ಪರಿಚಯ ಮಾಡಿಕೊಟ್ಟಳು. ಕುರ್ಚಿಯಲ್ಲಿ ಕೂತಿದ್ದವನಿಗೆ ಮೈಯೆಲ್ಲ ಮುದುಡಿಹೋಯಿತು. ಆ ನಕ್ಷೆಯ ಕಥೆ ಗೊತ್ತಿದ್ದವನು ಆ ಹಾಲಿನಲ್ಲಿ ನಾನೊಬ್ಬನೇ ಉಳಿದಿದ್ದೆ. ಶ್ರದ್ಧೆ, ಪರಿಶ್ರಮ ಅಂತ ಏನೋ ಎರಡು ಮಾತು ಆಡಿ, ಕಾಫಿ ಕುಡಿದು, ಆಟೋ ಹತ್ತಿ ಮನೆಗೆ ಬಂದೆ. ಅಲ್ಲಿ ಹೇಳಬೇಕಾಗಿದ್ದು ಇದು.

ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ನಿಮಗೂ ಉಪಯೋಗವಿಲ್ಲ, ನನಗೂ ಬೇಜಾರು. ನಾಚಿಕೆಪಟ್ಟಿದ್ದು ಮಾತ್ರ ಚೆನ್ನಾಗಿ ನೆನಪಿದೆ, ಅದನ್ನೇ ಬರೆಯುತ್ತೇನೆ.

ನಾನು ಹಿಂದೂಪುರದವನು. ನಮ್ಮದು ನೇಕಾರರ ಮನೆ. ನಡುಮನೆಯಲ್ಲೇ ಗುಂಡಿ ಮಗ್ಗ, ಅದರ ಪಕ್ಕದಲ್ಲೇ ಊಟ, ಅದರ ಪಕ್ಕದಲ್ಲೇ ನನ್ನ ಓದು. ಅಪ್ಪ ಬಿಳಿ ಪಂಚೆ ನೇಯುತ್ತಿದ್ದರು. ಅಮ್ಮ ನೂಲು ಸುತ್ತುತ್ತಿದ್ದಳು, ಗಂಜಿ ಕಾಯಿಸುತ್ತಿದ್ದಳು. ಮನೆಯಲ್ಲಿ ಕನ್ನಡ, ಬೀದಿಗೆ ಬಂದರೆ ತೆಲುಗು, ಬೈಗುಳಕ್ಕೆ ಎರಡೂ. ಭೂವಿಜ್ಞಾನ ಓದಿ, ಎಂಬತ್ತರ ದಶಕದ ನಡುವಿನಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಉಪಗ್ರಹದ ಚಿತ್ರ ನೋಡಿ, ನೆಲದಲ್ಲಿ ಯಾವ ಖನಿಜ ಇದೆ ಎಂದು ಗುರುತು ಹಾಕುವ ಕೆಲಸ. ಕೆಲಸ ಖಾಯಂ ಅಲ್ಲ. ಪ್ರಾಜೆಕ್ಟ್ ಪೋಸ್ಟು. ವರ್ಷ ಮುಗಿಯುತ್ತ ಬಂದಂತೆ, ಮುಂದುವರಿಸುತ್ತಾರೋ ಮನೆಗೆ ಕಳಿಸುತ್ತಾರೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಊರಿಗೆ ಹೋದಾಗಲೆಲ್ಲ ಅಮ್ಮ ಮೊದಲು ಕೇಳುತ್ತಿದ್ದುದು ಒಂದೇ.

"ಪರ್ಮನೆಂಟ್ ಆಯ್ತೇನಪ್ಪ?"

"ಇನ್ನೂ ಇಲ್ಲ ಕಣಮ್ಮ."

"ಆಯ್ತದೆ ಬಿಡು. ಕೈ ತೊಳಕೋ, ಮುದ್ದೆ ಹಾಕ್ತೀನಿ."

ಈಗಿನವರಿಗೆ ಆಗಿನ ಕೆಲಸ ಹೇಗಿತ್ತು ಎಂದು ಹೇಳಿದರೆ ನಗು ಬರುತ್ತದೆ. ಕಂಪ್ಯೂಟರ್ ಒಂದು ಕೋಣೆ ತುಂಬ ಇತ್ತು. ಅದರೊಳಗೆ ದೇವಸ್ಥಾನಕ್ಕೆ ಹೋದಂತೆ ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ಅದು ಚಿತ್ರ ಕೊಡುತ್ತಿರಲಿಲ್ಲ, ಉದ್ದುದ್ದ ಹಾಳೆಗಳಲ್ಲಿ ಅಂಕಿಗಳನ್ನು ಅಚ್ಚು ಹಾಕಿ ಹೊರಗೆ ತಳ್ಳುತ್ತಿತ್ತು. ಆ ಅಂಕಿಗಳ ಮೇಲೆ ನಾವು ಬಣ್ಣದ ಪೆನ್ಸಿಲಿನಿಂದ ತೀಡಬೇಕು. ಒಂದು ತಾಲೂಕು ತೀಡುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುತ್ತಿತ್ತು.

ನನ್ನ ಮೊದಲ ಮಾನಭಂಗ ನನ್ನ ಊರಿನಲ್ಲೇ ಆಯಿತು. ಹಿಂದೂಪುರದ ಅಂಚಿನಲ್ಲಿ ಒಂದು ಕಡೆ ಕೆಂಪು ಬಹಳ ಜೋರಾಗಿ ಕಾಣಿಸಿತು. ಕಬ್ಬಿಣದ ಅಂಶ ಇರುವ ಜಾಗ ಹಾಗೆಯೇ ಕಾಣುವುದು. ನಾನು ಉತ್ಸಾಹದಿಂದ, ಇಲ್ಲಿ ಕಬ್ಬಿಣದ ಅದಿರು ಇದೆ ಎಂದು ಗುರುತು ಹಾಕಿದೆ. ನಮ್ಮೂರು, ನನಗೆ ಗೊತ್ತಿಲ್ಲದ್ದೇ ಎಂಬ ಜಂಬ ಬೇರೆ. ಸುತ್ತಿಗೆ, ಚೀಲ ಎಲ್ಲ ಹಿಡಿದು ಜೀಪಿನಲ್ಲಿ ಹೋದೆವು. ಚಿಲಮತ್ತೂರು ದಾಟುವ ತನಕ ನಾನು ಜೊತೆಯವರಿಗೆ ನಮ್ಮ ಸೀಮೆಯ ಕಲ್ಲುಗಳ ಬಗ್ಗೆ ಉಪನ್ಯಾಸ ಕೊಡುತ್ತಲೇ ಇದ್ದೆ. ಹೋಗಿ ನೋಡಿದರೆ ಮೆಣಸಿನಕಾಯಿ. ಮಂಡಿಯವರು ಬಯಲು ತುಂಬ ಒಣಹಾಕಿದ್ದರು. ಹೆಂಗಸರು ಮುಖಕ್ಕೆ ಸೆರಗು ಕಟ್ಟಿಕೊಂಡು ಕಾಲಲ್ಲಿ ಹರವುತ್ತಿದ್ದರು. ನಾನು ಸುತ್ತಿಗೆ ಹಿಡಿದು ನಿಂತು ಸೀನತೊಡಗಿದೆ. ಒಬ್ಬಾಕೆ ನನ್ನ ಗುರುತು ಹಿಡಿದಳು. "ಅಯ್ಯೋ, ನಮ್ಮ ಚೌಡ ಕಣ್ರೇ. ಮೆಣಸಿನಕಾಯಿ ಒಡೆಯಾಕೆ ಸುತ್ಗೆ ತಂದವ್ನೆ." ಆ ಮಾತು ನಾನು ಮನೆ ಸೇರುವುದಕ್ಕೆ ಮೊದಲೇ ನಮ್ಮ ಬೀದಿ ಸೇರಿತ್ತು.

ಆಗ ನನ್ನ ಮೇಲಿನವರು ಇಂದುಮತಿ ಮೇಡಂ. ಮೈಸೂರು ಕಡೆಯವರು. ಸಣ್ಣ ಆಳು, ಹತ್ತಿ ಸೀರೆ, ಗಟ್ಟಿ ದನಿ. ಕೂಗಾಡುತ್ತಿರಲಿಲ್ಲ, ಅದೇ ಕಷ್ಟ. ಮೆಣಸಿನಕಾಯಿ ಸಂಗತಿ ಕೇಳಿ, "ಯಾವ ತಿಂಗಳ ಚಿತ್ರ ಅಂತ ನೋಡಿದ್ರಾ?" ಎಂದು ಕೇಳಿದರು ಅಷ್ಟೆ. ನೋಡಿರಲಿಲ್ಲ. ಮೆಣಸಿನಕಾಯಿ ಕಾಲದ ಚಿತ್ರ ಅದು. ಮಳೆಗಾಲದ ಚಿತ್ರ ಪಕ್ಕದಲ್ಲಿಟ್ಟಿದ್ದರೆ ಅದಿರು ಮಾಯವಾಗುತ್ತಿತ್ತು. ನಿಮ್ಮಲ್ಲಿ ಎಷ್ಟು ಜನ ಇವತ್ತಿಗೂ ಒಂದೇ ಚಿತ್ರ ನೋಡಿ ತೀರ್ಮಾನ ಮಾಡುತ್ತೀರಿ ಎಂದು ನನಗೆ ಗೊತ್ತು, ಅವತ್ತು ಹಾಲಿನಲ್ಲಿ ನಿಮ್ಮ ಮುಖ ನೋಡಿದಾಗಲೇ ತಿಳಿಯಿತು.

ತೊಂಬತ್ತರ ಆಸುಪಾಸಿನಲ್ಲಿ ಮಂಗಳ ಗ್ರಹ ನಮ್ಮ ಮೇಜಿಗೆ ಬಂತು. ಹೊರದೇಶದವರ ಒಂದು ನೌಕೆ ಅದರ ಸುತ್ತ ಸುತ್ತುತ್ತ ಕೆಲವು ವಾರ ಕೆಲಸ ಮಾಡಿ, ಆಮೇಲೆ ಮಾತು ನಿಲ್ಲಿಸಿಬಿಟ್ಟಿತ್ತು. ಅದರಲ್ಲಿದ್ದ ಯಂತ್ರ ತೆಗೆದ ಚಿತ್ರದಲ್ಲಿ ಒಂದೊಂದು ಚುಕ್ಕೆಗೂ ಒಂದೇ ಬಣ್ಣವಲ್ಲ, ಹತ್ತಾರು ಬಗೆಯ ಬೆಳಕಿನ ಅಳತೆ ಇತ್ತು. ಬಹುಪಾಲು ನಮ್ಮ ಕಣ್ಣಿಗೆ ಕಾಣದ, ಕೆಂಪಿನಿಂದ ಆಚೆಯ ಬೆಳಕು. ಪ್ರತಿ ಖನಿಜವೂ ಅದರದೇ ಆದ ಒಂದು ಜಾಗದಲ್ಲಿ ಬೆಳಕನ್ನು ನುಂಗುತ್ತದೆ. ಅಳತೆಯನ್ನು ಗೆರೆಯಾಗಿ ಬರೆದರೆ ಅಲ್ಲೊಂದು ಗುಳಿ ಬೀಳುತ್ತದೆ. ಕಬ್ಬಿಣಕ್ಕೆ ಒಂದು ಕಡೆ ಗುಳಿ, ನೀರು ಹಿಡಿದ ಜೇಡಿಗೆ ಇನ್ನೊಂದು ಕಡೆ. ಗುಳಿ ನೋಡಿ ಖನಿಜ ಹೇಳುವುದು, ಅದನ್ನು ನಕ್ಷೆಯ ಮೇಲೆ ಬಣ್ಣವಾಗಿ ತುಂಬುವುದು, ಇಷ್ಟೇ ವಿದ್ಯೆ.

ಆ ಅಳತೆಗಳ ಒಂದು ಭಾಗ, ಸೇರಿ ಕೆಲಸ ಮಾಡೋಣ ಎಂಬ ಒಪ್ಪಂದದ ಮೇಲೆ, ಇಂದುಮತಿ ಮೇಡಂ ಕೈಗೆ ಬಂತು. ಅವರು ನನ್ನನ್ನು ಕರೆದು ನೇರವಾಗಿ ಹೇಳಿದರು: "ಚೌಡಪ್ಪ, ಈ ನಕ್ಷೆ ಆದರೆ ನಿಮ್ಮ ಪೋಸ್ಟು ಖಾಯಂ ಮಾಡಿ ಅಂತ ಕೇಳೋಕೆ ನನಗೆ ಬಾಯಿ ಬರುತ್ತೆ. ಆಗದೆ ಇದ್ದರೆ ಪ್ರಾಜೆಕ್ಟೇ ಮುಗಿದುಹೋಗುತ್ತೆ." ಊರಿಗೆ ಹೋದಾಗ ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಮಂಗಳ ಎಂದರೆ ಜಾತಕದ ಕುಜ. "ಆ ಕುಜನ ಕಾಟದಲ್ಲೇ ನಿಂಗಿನ್ನೂ ಮದ್ವೆ ಆಗಿಲ್ಲ. ಕೆಲ್ಸಾನೂ ಅವನ ಕೈಯಾಗೇ ಐತಾ?" ಎಂದಳು.

ಮಂಗಳದ ಗೆರೆಗಳನ್ನು ಓದಬೇಕಾದರೆ ಹೋಲಿಸಿ ನೋಡಲು ಭೂಮಿಯ ಮಣ್ಣು ಬೇಕು. ಕೆಂಪಗಿರಬೇಕು, ಒಣಗಿರಬೇಕು. ಕಲ್ಯಾಣದುರ್ಗದ ಸುತ್ತಲಿನ ಕೆಂಪು ನೆಲ ಆಗಬಹುದು ಎಂದವನು ನಾನೇ. ಬೇರೊಂದು ಸಂಸ್ಥೆಯಿಂದ ಅಳೆಯುವ ಯಂತ್ರ ಎರವಲು ತಂದೆವು. ಬೇಗ ವಾಪಸು ಕೊಡಬೇಕೆಂಬ ಕರಾರು. ಕಲ್ಯಾಣದುರ್ಗದ ಪ್ರವಾಸಿ ಬಂಗಲೆಯ ಒಂದು ಕೋಣೆಗೆ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿ, ಒಂದು ದೀಪದ ಬೆಳಕಿನಲ್ಲಿ ಮಣ್ಣು ಅಳೆಯುವುದು ಎಂದು ಏರ್ಪಾಡು.

ಇದರಲ್ಲಿ ಒಂದು ಮುಖ್ಯ ಸಾಮಾನು ಬಿಳಿ ಹಲಗೆ. ಮೊದಲು ಬಿಳಿ ಹಲಗೆ ಅಳೆದು, ಆಮೇಲೆ ಮಣ್ಣು ಅಳೆದು, ಮಣ್ಣಿನ ಅಳತೆಯನ್ನು ಹಲಗೆಯ ಅಳತೆಯಿಂದ ಭಾಗಿಸಬೇಕು. ಆಗಲೇ ದೀಪದ ಗುಣ ಕಳೆದು ಮಣ್ಣಿನ ಗುಣ ಉಳಿಯುವುದು. ನಮ್ಮ ಹಲಗೆ ಬಿಳಿ ಪುಡಿಯನ್ನು ಒತ್ತಿ ಮಾಡಿದ್ದು. ಸೋಮಂದೇಪಲ್ಲಿ ದಾಟಿದ ಮೇಲೆ ರಸ್ತೆ ಹೇಗಿತ್ತೆಂದರೆ, ಕಲ್ಯಾಣದುರ್ಗದಲ್ಲಿ ಪೆಟ್ಟಿಗೆ ತೆಗೆದಾಗ ಹಲಗೆ ಹಿಟ್ಟಾಗಿತ್ತು. ಇನ್ನೊಂದು ತರಿಸಲು ಸಮಯವಿಲ್ಲ. ಮೇಡಂ ಹಣೆ ಹಿಡಿದು ಕೂತರು. ನನಗೆ ಹೊಳೆಯಿತು.

"ಮೇಡಂ, ನಮ್ಮಪ್ಪ ನೇಯೋ ಪಂಚೆ ಇದಕ್ಕಿಂತ ಬಿಳಿ. ಎಂಟು ಮಡಿಕೆ ಹಾಕಿದರೆ ಹಲಗೆ ಥರಾನೇ ನಿಲ್ಲುತ್ತೆ."

ಅವರು ಪೆಟ್ಟಿಗೆಯಲ್ಲಿದ್ದ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ಬಿಳಿ ಅಂತ ಹೇಳ್ತಿರೋದು ನಿಮ್ಮ ಕಣ್ಣು. ಯಂತ್ರ ಏನ್ ಹೇಳುತ್ತೋ ಗೊತ್ತಿಲ್ಲ. ಆದರೂ ಬೆಂಗಳೂರಿಗೆ ಹೋಗಿ ಅದೇ ಬಟ್ಟೇನ ಒಳ್ಳೇ ಹಲಗೆ ಪಕ್ಕ ಇಟ್ಟು ಅಳೆದರೆ ವ್ಯತ್ಯಾಸ ಸರಿಮಾಡ್ಕೋಬಹುದು. ಅಲ್ಲೀವರೆಗೂ ಅದು ಹೇಗಿದೆಯೋ ಹಾಗೇ ಇರಬೇಕು. ತಗೊಂಡು ಬನ್ನಿ" ಎಂದರು.

ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದೆ. ಅಪ್ಪ ಮಗ್ಗದಿಂದ ಆಗತಾನೇ ಒಂದು ಪಂಚೆ ಕೊಯ್ದಿದ್ದರು. ವಿಷಯ ಕೇಳಿ, "ಆಕಾಶದಾಗಿರೋ ಗ್ರಹಕ್ಕೆ ಪಂಚೆ ಯಾಕ್ಲಾ? ಉಡ್ಸಾಕಾ?" ಎಂದು ನಕ್ಕರು. ಆದರೆ ಕೊಡುವಾಗ ಅಂಚಿನಿಂದ ಅಂಚಿಗೆ ಬೆಳಕಿಗೆ ಹಿಡಿದು ನೋಡಿ, ಎಲ್ಲೂ ಎಳೆ ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೊಟ್ಟರು. ಮರುದಿನ ಕಲ್ಯಾಣದುರ್ಗದಲ್ಲಿ ಆ ಪಂಚೆಯನ್ನು ಮಡಿಸಿ ಹಲಗೆಯ ಜಾಗದಲ್ಲಿಟ್ಟು ಮಣ್ಣನ್ನೆಲ್ಲ ಅಳೆದು ಮುಗಿಸಿದೆವು. ಮೇಡಂ ಯಂತ್ರದ ಜೊತೆ ಜೀಪಿನಲ್ಲಿ ಬೆಂಗಳೂರಿಗೆ ಹೊರಟರು. ನಾನು ಊರಲ್ಲಿ ಇಳಿದು ಹೋಗುತ್ತೇನೆಂದು ರಜೆ ಕೇಳಿದೆ. ಪಂಚೆ ನನ್ನ ಚೀಲದಲ್ಲಿತ್ತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ರಜೆ ಮುಗಿಸಿಕೊಂಡು ಬೆಂಗಳೂರಿಗೆ ಹೋಗಿ, ಕವರ್ ಸಮೇತ ಲ್ಯಾಬಿನವರ ಕೈಗೆ ಕೊಟ್ಟೆ. ಅವರು ಅಳೆದರು, ವ್ಯತ್ಯಾಸ ಕಳೆದರು.

ಬಂದ ಗೆರೆ ನೋಡಲು ನಾವೆಲ್ಲ ಮೇಜಿನ ಸುತ್ತ ಮುಗಿಬಿದ್ದೆವು. ಕಲ್ಯಾಣದುರ್ಗದ ಮಣ್ಣಿನ ಗೆರೆಯನ್ನು ಮಂಗಳದ ಧೂಳಿನ ಗೆರೆಯ ಮೇಲಿಟ್ಟರೆ ಎರಡೂ ಒಂದೇ ಆಗಿ ಕೂತವು. ನೀರಿನ ಗುಳಿ ಇರಬೇಕಾದ ಜಾಗದಲ್ಲಿ ಹೆಚ್ಚುಕಡಿಮೆ ಸಮತಟ್ಟು. ನಮ್ಮಲ್ಲೊಬ್ಬರು, ಮಣ್ಣು ಎಂದ ಮೇಲೆ ಇಷ್ಟಾದರೂ ನೀರು ಹಿಡಿದಿರಬೇಕಲ್ಲ ಎಂದು ಅನುಮಾನಪಟ್ಟರು. ನಾನು, "ಸಾರ್, ನಮ್ಮ ಸೀಮೆ ನಿಮಗೆ ಗೊತ್ತಿಲ್ಲ. ಅಲ್ಲಿ ಮೋಡವೂ ಬಸ್ಸಿನಲ್ಲಿ ಮುಂದಿನ ಊರಿಗೆ ಹೋಗುತ್ತೆ" ಎಂದೆ. ಎಲ್ಲರೂ ನಕ್ಕರು, ಅನುಮಾನ ಅಲ್ಲಿಗೇ ಬಿದ್ದುಹೋಯಿತು. ಮಂಗಳದ ನಕ್ಷೆಯಲ್ಲಿ ದೊಡ್ಡದೊಂದು ಬಯಲಿಗೆ ಕೆಂಪು ತುಂಬಿ, 'ಕಲ್ಯಾಣದುರ್ಗ ಮಾದರಿ ಮಣ್ಣು' ಎಂದು ಬರೆದೆವು. ನಕ್ಷೆ ಹೊರದೇಶದ ತಂಡಕ್ಕೆ ಹೋಯಿತು.

ಕಲ್ಯಾಣದುರ್ಗದಲ್ಲಿ ಓಬಳೇಶಪ್ಪ ಎಂಬ ಭೂಗೋಳದ ಮೇಷ್ಟ್ರಿದ್ದರು. ಮಣ್ಣು ತೆಗೆಯುವಾಗ ಜೊತೆಗೆ ಓಡಾಡಿದ್ದವರು. ಅವರು ಶಾಲೆಯ ಅಂಗಳದಲ್ಲಿ ಸಭೆ ಇಟ್ಟರು. ಮೇಡಂಗೆ ಬಿಡುವಿರಲಿಲ್ಲ, ನಾನು ಹೋದೆ. ಮೈಕು, ಹಾರ, ಮುಂದೆ ಊರಿನ ದೊಡ್ಡವರೆಲ್ಲ. ನಾನು ತೆಲುಗಿನಲ್ಲಿ, "ಮೀ ಮನ್ನು, ಕುಜುಡಿ ಮನ್ನು ಒಕಟೇ" ಎಂದೆ. ನಿಮ್ಮ ಮಣ್ಣೂ ಮಂಗಳನ ಮಣ್ಣೂ ಒಂದೇ, ಅಂತ. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಮೇಷ್ಟ್ರು ಗಾಜಿನ ಬಾಟಲಿಯಲ್ಲಿ ಹೊಲದ ಮಣ್ಣು ತುಂಬಿ ಶಾಲೆಯ ಬೀರುವಿನಲ್ಲಿಟ್ಟರು. ನನಗೆ ಆ ದಿನ ನೆಲದ ಮೇಲೆ ಕಾಲಿರಲಿಲ್ಲ.

ಹಾರವನ್ನೂ ಹಿಡಿದುಕೊಂಡು ಹಾಗೇ ಹಿಂದೂಪುರಕ್ಕೆ ಹೋದೆ. ಲ್ಯಾಬಿನವರು ವಾಪಸು ಕೊಟ್ಟಿದ್ದ ಪಂಚೆಯನ್ನು ಅಪ್ಪನಿಗೆ ಮರಳಿಸಲು ಜೊತೆಯಲ್ಲೇ ತಂದಿದ್ದೆ. ಅಕ್ಕಪಕ್ಕದ ಮನೆಯವರೆಲ್ಲ ಬಂದಿದ್ದರು. ಅವರ ಮುಂದೆ ಕವರ್ ಬಿಚ್ಚಿ ಪಂಚೆ ಕೈಗೆ ತೆಗೆದುಕೊಂಡೆ. ಕಲ್ಯಾಣದುರ್ಗದಲ್ಲಿ ಕವರಿಗೆ ಹಾಕಿದ ಮೇಲೆ ಅದನ್ನು ನಾನು ಬರಿಗೈಯಲ್ಲಿ ಮುಟ್ಟಿರಲೇ ಇಲ್ಲ. ಮೆತ್ತಗಿತ್ತು. ಮಗ್ಗದಿಂದ ಕೊಯ್ದ ಪಂಚೆ ಹಾಗಿರುವುದಿಲ್ಲ. ಮಗ್ಗದ ಉದ್ದಕ್ಕೆ ಹಾಸಿದ ನೂಲು ತುಂಡಾಗದಿರಲೆಂದು ಗಂಜಿ ಕುಡಿಸಿರುತ್ತಾರೆ, ಬಟ್ಟೆ ಬಿರುಸಾಗಿರುತ್ತದೆ. ಮಗ್ಗದ ಗುಂಡಿಯ ತಂಪಿಗೆ ತೇವವೂ ಹಿಡಿದಿರುತ್ತದೆ.

"ಇದರ ಗಂಜಿ ಏನಾಯ್ತು?" ಎಂದೆ.

ಅಮ್ಮ ಸಂತೋಷವಾಗಿಯೇ ಹೇಳಿದಳು: "ನೀನು ಕಲ್ಯಾಣದುರ್ಗದಿಂದ ಬಂದಾಗಲೇ ಒಗೆದಿದ್ನಲ್ಲಪ್ಪ. ಕೆಂಪು ಮಣ್ಣು ಮೆತ್ಕೊಂಡಿತ್ತು. ಗೌರ್ಮೆಂಟ್ ಆಫೀಸಿಗೆ ಹೋಗೋ ಬಟ್ಟೆ, ಗಂಜಿ ವಾಸ್ನೆ ಬಂದ್ರೆ ನಾಲ್ಕು ಜನ ಏನಂತಾರೆ? ಸೋಡಾ ಹಾಕಿ ಸೆಣೆದು, ನೀಲಿ ಹಾಕಿ, ಹೆಂಗಿತ್ತೋ ಹಂಗೇ ಮಡಿಸಿ ಇಟ್ಟೆ. ಬೆಳ್ಳಗಾಯ್ತಲ್ಲ?"

ಬೆಳ್ಳಗೇನೋ ಆಗಿತ್ತು. ನಿಮಗೆ ಆಗಲೇ ಅರ್ಥವಾಗಿರಬೇಕು, ಆದರೂ ಬಿಡಿಸಿ ಹೇಳುತ್ತೇನೆ. ಹತ್ತಿಯೂ ಗಂಜಿಯೂ ತೇವ ಹೀರುತ್ತವೆ. ಕಣ್ಣಿಗೆ ಎಷ್ಟೇ ಬೆಳ್ಳಗಿರಲಿ, ಕಾಣದ ಬೆಳಕಿನಲ್ಲಿ ಆ ಪಂಚೆಗೇ ಒಂದು ದೊಡ್ಡ ನೀರಿನ ಗುಳಿ ಇತ್ತು. ಅದರಿಂದ ಭಾಗಿಸಿದಾಗ ಮಣ್ಣಿನ ನೀರಿನ ಗುಳಿ ಮುಚ್ಚಿಹೋಯಿತು. ಬೆಂಗಳೂರಿನಲ್ಲಿ ಅದೇ ಪಂಚೆಯನ್ನು ಅಳೆದು ಸರಿಮಾಡಿದೆವು ಎಂದುಕೊಂಡೆವಲ್ಲ, ಅಲ್ಲಿಗೆ ತಲುಪಿದ್ದು ಗಂಜಿ ಹೋದ, ಬಿಸಿಲಲ್ಲಿ ಒಣಗಿದ, ಬೇರೆಯೇ ಬಟ್ಟೆ. ಮಣ್ಣಿನಲ್ಲಿ ನೀರಿತ್ತು. ಇಲ್ಲ ಎಂದು ಹೇಳಿದ್ದು ನಮ್ಮ ಲೆಕ್ಕ.

ಮುಟ್ಟಬೇಡ ಎಂದು ಅಮ್ಮನಿಗೆ ನಾನು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅದೆಲ್ಲ ಎಲ್ಲಿ ನೆನಪಾಗಬೇಕು. ಅಕ್ಕಪಕ್ಕದವರ ಮುಂದೆ, ಹಾರ ಇನ್ನೂ ಕೈಯಲ್ಲಿರುವಾಗಲೇ ಕಿರುಚಿಬಿಟ್ಟೆ. "ನಿನ್ನ ಯಾರು ಒಗಿ ಅಂದೋರು? ಎಲ್ಲಾ ಹಾಳು ಮಾಡ್ಬುಟ್ಟೆ. ನನ್ನ ಕೆಲ್ಸ ಹೋಯ್ತದೆ, ಗೊತ್ತಾ? ನಿನ್ನಿಂದ ನನ್ನ ಕೆಲ್ಸ ಹೋಯ್ತದೆ." ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಳು. ಅಪ್ಪ ಮಾತ್ರ, "ಬಾಯ್ ಮುಚ್ಕಂಡು ಉಣ್ಣು" ಎಂದರು. ಉಣ್ಣದೆ ಬಸ್ಸು ಹತ್ತಿದೆ.

ಬೆಂಗಳೂರಿಗೆ ಬಂದವನೇ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಇದನ್ನು ದೊಡ್ಡ ಗುಣ ಎಂದು ತಿಳಿಯಬೇಡಿ. ಮುಚ್ಚಿಡುವ ಧೈರ್ಯ ಇರಲಿಲ್ಲ, ಅಷ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ತಾಯೀನ ಬೈದ್ರಾ?"

"ಸ್ವಲ್ಪ, ಮೇಡಂ."

"ಬಟ್ಟೆ ಹಾಗೇ ಇರಬೇಕು ಅಂತ ನಾನು ಹೇಳಿದ್ದು ನಿಮಗೆ. ಅವರಿಗಲ್ಲ. ಮತ್ತೆ ನಿಮ್ಮ ಕೈಗೆ ಕೊಟ್ಟು ಜೀಪು ಹತ್ತಿದವಳು ನಾನು."

ಅವತ್ತೇ ಹೊರದೇಶದ ತಂಡಕ್ಕೆ ಸುದ್ದಿ ಕಳಿಸಿ ನಕ್ಷೆಯನ್ನು ವಾಪಸು ತೆಗೆದುಕೊಂಡರು. ಹೊಸ ಹಲಗೆ ತರಿಸಿ, ಡಬ್ಬಿಗಳಲ್ಲಿ ಮುಚ್ಚಿಟ್ಟಿದ್ದ ಮಣ್ಣನ್ನು ಮತ್ತೆ ಅಳೆಸಿದರು. ನೀರಿನ ಗುಳಿ ಢಾಳಾಗಿ ಎದ್ದುಬಂತು. ಮಂಗಳಕ್ಕೂ ಕಲ್ಯಾಣದುರ್ಗಕ್ಕೂ ಕೆಂಪು ಬಣ್ಣ ಒಂದು ಬಿಟ್ಟರೆ ಅಂಥ ನೆಂಟಸ್ತಿಕೆ ಏನೂ ಇರಲಿಲ್ಲ. ಮೇಡಂ ಮೇಲಿನವರ ಮುಂದೆ ನಿಂತು ಬೈಸಿಕೊಂಡರು. ಅವರ ಜಾಗದಲ್ಲಿ ಬೇರೆಯವರಿದ್ದಿದ್ದರೆ ನನ್ನ ಹೆಸರು ಮುಂದಕ್ಕೆ ತಳ್ಳಿ ಕೈ ತೊಳೆದುಕೊಳ್ಳುತ್ತಿದ್ದರು. ಕ್ಯಾಂಟೀನಿನಲ್ಲಿ ನನಗೆ ಪಂಚೆ ಚೌಡಪ್ಪ ಎಂದು ಹೆಸರು ಬಿತ್ತು. ಯಾರಾದರೂ ಇಡ್ಲಿ ತಿನ್ನುತ್ತ, "ಇವತ್ತು ಮಂಗಳದಲ್ಲಿ ಬಟ್ಟೆ ಒಣಗಿತಾ?" ಎಂದು ಕೇಳುವರು. ನಾನೂ ನಕ್ಕಂತೆ ಮಾಡಿ ತಟ್ಟೆಯಲ್ಲಿ ಮುಖ ಹುದುಗಿಸುತ್ತಿದ್ದೆ.

ಈಗ ನೀವು ಯಂತ್ರವನ್ನು ಗ್ರಹದ ಸುತ್ತ ತಿರುಗಲು ಬಿಟ್ಟು ಇಲ್ಲಿ ಕೂತು ಗುಂಡಿ ಒತ್ತುತ್ತೀರಿ. ಹಲಗೆಯೂ ಯಂತ್ರದ ಒಳಗೇ ಇರುತ್ತದೆ, ಜೀಪಿನಲ್ಲಿ ಕುಲುಕುವುದಿಲ್ಲ. ಬಹಳ ಒಳ್ಳೆಯದು. ಆದರೆ ಗೆರೆ ನೀವು ಬಯಸಿದಂತೆಯೇ ಬಂದ ದಿನ ಎದ್ದು ಹೋಗಿ, ಬಿಳಿ ಎಂದು ನಂಬಿದ್ದನ್ನು ಇನ್ನೊಮ್ಮೆ ಅಳೆಯಿರಿ. ನಾವು ನಕ್ಕ ಆ ಹೊತ್ತಿನಲ್ಲಿ ಅಳೆಯಬಹುದಾಗಿತ್ತು, ಡಬ್ಬಿಗಳು ಪಕ್ಕದ ಕೋಣೆಯಲ್ಲೇ ಇದ್ದವು.

ಕೆಲವು ತಿಂಗಳು ಕಳೆಯಿತು. ತಿದ್ದಿ ಕಳಿಸಿದ ನಕ್ಷೆಯನ್ನು ಹೊರದೇಶದ ತಂಡ ಒಪ್ಪಿಕೊಂಡಿತು. ನಾನು ಊರಿಗೆ ಹೋಗಲಿಲ್ಲ. ಅಪ್ಪ ಯಾರ ಕೈಲಾದರೂ ಹೇಳಿ ಕಳಿಸುತ್ತಿದ್ದರು, ಕೆಲಸ ಜಾಸ್ತಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಆ ಬೀದಿಯಲ್ಲಿ ಮುಖ ಎತ್ತಿ ನಡೆಯುವುದು ಹೇಗೆ ಎನ್ನುವುದು ಒಂದು. ಅಮ್ಮನ ಮೇಲಿನ ಮುನಿಸು ಇನ್ನೊಂದು. ಹೌದು, ಆಗಲೂ ಮುನಿಸು ನನ್ನದೇ. ಒಂದು ದಿನ ಮೇಡಂ ಕರೆದರು.

"ನಿಮ್ಮ ಪೋಸ್ಟು ಕಮಿಟಿಯಲ್ಲಿ ಒಪ್ಪಿಗೆ ಆಯ್ತು, ಚೌಡಪ್ಪ. ಖಾಯಂ. ಆರ್ಡರು ನಿಧಾನಕ್ಕೆ ಬರುತ್ತೆ, ಆದರೆ ಇನ್ನು ಯಾರೂ ಅಲುಗಾಡಿಸೋ ಹಾಗಿಲ್ಲ. ಇವತ್ತೇ ಮನೆಗೆ ಸುದ್ದಿ ಕಳಿಸಿ."

"ಆಗಲಿ ಮೇಡಂ" ಎಂದೆ. ನಮ್ಮ ಬೀದಿಯ ತುದಿಯಲ್ಲಿದ್ದ ಅಂಗಡಿಗೆ ಫೋನ್ ಮಾಡಿದರೆ ಅಮ್ಮನನ್ನು ಕರೆದುಕೊಡುತ್ತಿದ್ದರು. ನಾಳೆ ಮಾಡಿದರಾಯಿತು ಎಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ಆಮೇಲೆ, ಸ್ವಲ್ಪ ದಿನ ಹಾಗೇ ಇರಲಿ, ಅವಳಿಗೂ ತಿಳಿಯಲಿ ಎಂದು ಒಳಗೊಳಗೇ ಅನ್ನಿಸಿದ್ದೂ ನಿಜ.

ಮೇಡಂ ಕಲ್ಯಾಣದುರ್ಗವನ್ನು ಮರೆತಿರಲಿಲ್ಲ. "ಮೈಕ್ ಹಿಡಿದು ಹೇಳಿದ್ದನ್ನ ಮೈಕ್ ಹಿಡಿದೇ ವಾಪಸ್ ತಗೋಬೇಕು" ಎಂದರು. ಪತ್ರ ಬರೆದು ಮುಗಿಸೋಣ ಮೇಡಂ ಎಂದು ಅಂಗಲಾಚಿದೆ. ಕೇಳಲಿಲ್ಲ. ಓಬಳೇಶಪ್ಪ ಮೇಷ್ಟ್ರು ಅದೇ ಅಂಗಳದಲ್ಲಿ ಮತ್ತೆ ಸಭೆ ಕರೆದರು. ಜನ ಮೊದಲಿಗಿಂತ ಹೆಚ್ಚಾಗಿಯೇ ಬಂದಿದ್ದರು, ಇನ್ನೇನು ಸಿಹಿ ಸುದ್ದಿ ತಂದಿದ್ದಾರೋ ಎಂದು.

ಮೇಡಂ ಕನ್ನಡದಲ್ಲಿ ಹೇಳುವರು, ಮೇಷ್ಟ್ರು ತೆಲುಗಿಗೆ ತಿರುಗಿಸುವರು. ನಾನು ವೇದಿಕೆಯ ಮೇಲೆ ಬೂಟಿನ ತುದಿ ನೋಡುತ್ತ ಕೂತಿದ್ದೆ. ಅಳತೆ ತಪ್ಪಾಗಿತ್ತು, ತಪ್ಪು ನಮ್ಮದು, ನಿಮ್ಮ ಮಣ್ಣೂ ಮಂಗಳನ ಮಣ್ಣೂ ಒಂದೇ ಅಲ್ಲ, ಎಂದು ಅವರು ಬಿಡಿಸಿ ಹೇಳಿದರು. ಅಂಗಳದಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಕೈ ಮುಗಿದು ಕನ್ನಡದಲ್ಲೇ ಕೇಳಿಕೊಂಡರು.

"ಇರ್ಲಿ ಬಿಡಮ್ಮ. ಅಲ್ಲಿಗೋಗಿ ಯಾರು ನೋಡ್ಬೇಕು? ಒಂದೇ ಅಂತಲೇ ಇದ್ದುಬುಡ್ಲಿ."

"ಹಾಗಾಗಲ್ಲ ಯಜಮಾನ್ರೇ. ಸುಳ್ಳಾಗುತ್ತೆ."

"ಮತ್ತೆ ನಮ್ಮ ಮಣ್ಣಾಗೆ ಅಂಥಾದ್ದೇನೈತೆ, ಅಲ್ಲಿ ಇಲ್ದೇ ಇರೋದು?"

"ನೀರಿದೆ. ಮಣ್ಣಿನ ಕಣದೊಳಗೆ ಹಿಡಿದಿಟ್ಕೊಂಡಿದೆ."

ಅವರು ಹಿಂದಕ್ಕೆ ತಿರುಗಿ ಜನರನ್ನೆಲ್ಲ ಒಮ್ಮೆ ನೋಡಿದರು. "ಕೇಳಿದ್ರೇನ್ರಪ್ಪಾ? ನಮ್ಮ ಮಣ್ಣಾಗೆ ನೀರೈತಂತೆ. ಬೋರ್ ಕೊರೆಯೋನಿಗೆ ಹೇಳಿ." ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಕೂಡ ನಕ್ಕರು. ಇಷ್ಟರಲ್ಲೇ ಮುಗಿದರೆ ಬಚಾವು ಎಂದುಕೊಂಡು ನಾನು ಮೊದಲ ಸಲ ತಲೆ ಎತ್ತಿದೆ.

ಹೆಂಗಸರ ಕಡೆ, ಹಿಂದೆ, ಒಬ್ಬಳು ಎದ್ದು ನಿಂತಿದ್ದಳು. ನಮ್ಮಮ್ಮ. ನಮ್ಮ ಬೀದಿಯವರ ನೆಂಟರು ಕಲ್ಯಾಣದುರ್ಗದಲ್ಲಿದ್ದರು, ಅವರಿಂದ ಸಭೆಯ ಸುದ್ದಿ ಹಿಂದೂಪುರಕ್ಕೆ ಹೋಗಿತ್ತು. ಒಬ್ಬಳೇ ಬಸ್ಸು ಬದಲಿಸಿಕೊಂಡು ಬಂದಿದ್ದಳು. ಮದುವೆ ಮುಂಜಿಗೆ ಉಡುವ ಸೀರೆ ಉಟ್ಟಿದ್ದಳು. ನಾಲ್ಕು ಜನರ ಮುಂದೆ ನನ್ನಮ್ಮ ಜೋರಾಗಿ ಮಾತಾಡಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

"ಅಮ್ಮಾ, ದೊಡ್ಡಮ್ಮನೋರೇ," ಎಂದು ಮೇಡಂ ಕಡೆ ಕೈ ಮುಗಿದಳು. "ತಪ್ಪು ನಿಮ್ದಲ್ಲ. ಬಟ್ಟೆ ಒಗೆದೋಳು ನಾನು. ಅವನು ನನ್ನ ಮಗ. ಅವನಿಗೆ ಗೊತ್ತೇ ಇರ್ಲಿಲ್ಲ. ನನಗೆ ಓದು ಬರಲ್ಲ ಕಣಮ್ಮ, ಗಂಜಿ ತೆಗೆದ್ರೆ ಇಂಗಾಯ್ತದೆ ಅಂತ ತಿಳೀಲಿಲ್ಲ. ಏನು ಬೈಯೋದಿದ್ರೂ ಈ ಜನದ ಮುಂದೇನೇ ನನ್ನ ಬೈಯ್ರಿ. ಅವನ ಕೆಲ್ಸ ಮಾತ್ರ ತೆಗೀಬ್ಯಾಡ್ರಿ."

ಕೆಲವರು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ಮೇಡಂ ತಿರುಗಿ ನನ್ನನ್ನು ನೋಡಿದರು. ನಾನು ಸುದ್ದಿ ಕಳಿಸಿಲ್ಲ ಎಂಬುದು ಅವರಿಗೆ ನನ್ನ ಮುಖದಲ್ಲೇ ತಿಳಿಯಿತು. ಮೈಕು ಬಿಟ್ಟು ಮೆಟ್ಟಿಲಿಳಿದು, ಜನರ ನಡುವೆ ದಾರಿ ಮಾಡಿಕೊಂಡು ಅಮ್ಮನ ಹತ್ತಿರ ಹೋಗಿ ಅವಳ ಮುಗಿದ ಕೈ ಹಿಡಿದು ಕೆಳಗಿಳಿಸಿದರು. ನಾನು ಕುರ್ಚಿಯಿಂದ ಏಳಲಿಲ್ಲ. ಕಾಲು ಬರಲಿಲ್ಲ ಎಂದು ಹೇಳಬಹುದು, ಆದರೆ ಏಳಲಿಲ್ಲ ಎಂಬುದೇ ಸರಿ.

"ಅಮ್ಮಾ, ಅವರ ಕೆಲಸ ಎಲ್ಲಿಗೂ ಹೋಗಲ್ಲ," ಎಂದರು ಮೇಡಂ. "ಖಾಯಂ ಆಗಿ ಆಗಲೇ ತಿಂಗಳಾಯ್ತು. ನಿಮಗೆ ಹೇಳಲಿಲ್ವಾ?"

ಅಂಗಳವೆಲ್ಲ ನನ್ನ ಕಡೆ ತಿರುಗಿತು. ಅಮ್ಮನೂ ನೋಡಿದಳು. ಅಷ್ಟು ದೂರದಿಂದ ಅವಳ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಹೇಳಿದ್ದ ಕಣಮ್ಮ, ಹೇಳಿದ್ದ. ನಾನೇ ಮರೆತ್ಬುಟ್ಟೆ."